ತುಪ್ಪ ಕಡಿಮೆಯಾಯಿತೇ? ಮೊದಲು ತೆಳುಹಾಲು ನೋಡಿ

ನನ್ನದು ಗದಗ ಜಿಲ್ಲೆಯ ಎರೆಹೊಲ. ಮಳೆ ಆದರೆ ಜೋಳ, ಕಡಲೆ. ಆಗದಿದ್ದರೆ ಎಮ್ಮೆಗಳೇ ಗತಿ. ನಾಲ್ಕು ಎಮ್ಮೆ ಹಿಂಡುತ್ತೇವೆ. ಬೆಳಗಿನ ಹಾಲು ಊರಿನ ಡೇರಿಗೆ ಹೋಗುತ್ತದೆ. ನಾವಿರುವುದು ಹೊಲದ ಮನೆಯಲ್ಲಿ, ಊರಿಗೆ ನಾಲ್ಕು ಕಿ.ಮೀ. ಕತ್ತಲಾದ ಮೇಲೆ ಹಾಲು ಒಯ್ಯುವುದು ಆಗದ ಮಾತು. ಹಾಗಾಗಿ ಸಂಜೆಯ ಹತ್ತು ಲೀಟರ್ ಮನೆಯಲ್ಲೇ ತುಪ್ಪವಾಗುತ್ತದೆ. ವಾರದ ಸಂತೆ, ಮೊಮ್ಮಗಳ ಶಾಲೆಯ ಖರ್ಚು ಎಲ್ಲ ಆ ತುಪ್ಪದ ಮೇಲೆಯೇ.

2021ರಲ್ಲಿ ಕೈಯಿಂದ ತಿರುಗಿಸುವ ಕೆನೆ ಯಂತ್ರ ತಂದೆವು. ಅದಕ್ಕೆ ಮೊದಲು ಹಾಲು ಕಾಯಿಸಿ, ಹೆಪ್ಪು ಹಾಕಿ, ಕಡಗೋಲಿನಿಂದ ಕಡೆಯುತ್ತಿದ್ದೆವು. ಯಂತ್ರ ಬಂದ ಮೇಲೆ ಕಡೆಯುವುದು ಕೆನೆ ಮಾತ್ರ. ಉಳಿದ ತೆಳುಹಾಲು ಹುಳಿಯಾಗದೆ ಸಿಹಿಯಾಗೇ ಸಿಗುತ್ತದೆ. ಅದನ್ನು ಮೊಸರು ಮಾಡಬಹುದು, ದೊಡ್ಡ ಕರುಗಳಿಗೆ ಕುಡಿಸಬಹುದು. ಈ ಯಂತ್ರ ನಡೆಸುವುದು ನನ್ನ ಸೊಸೆ. ಮೊದಲ ವರ್ಷ ವಾರಕ್ಕೆ ಸುಮಾರು ನಾಲ್ಕೂವರೆ ಕಿಲೋ ತುಪ್ಪ ಬೀಳುತ್ತಿತ್ತು.

2022ರ ಚಳಿಗಾಲದಲ್ಲಿ ಅದು ನಾಲ್ಕು ಕಿಲೋಗೆ ಇಳಿಯಿತು. ಎಮ್ಮೆ ಅವೇ, ಮೇವು ಅದೇ, ಡೇರಿಯಲ್ಲಿ ಬರುವ ಫ್ಯಾಟ್ ಅಷ್ಟೇ. ಹಾಗಾದರೆ ಅರ್ಧ ಕಿಲೋ ಎಲ್ಲಿ ಹೋಯ್ತು? ನಾನು ಬಾಯಿ ಬಿಟ್ಟು ಕೇಳಬಾರದ್ದನ್ನು ಕೇಳಿಬಿಟ್ಟೆ. ‘ತವರಿಗೇನಾದರೂ ಹೋಗ್ತಿದೆಯೇನವ್ವಾ?’ ಅಂದೆ. ಸೊಸೆ ಉತ್ತರ ಕೊಡಲಿಲ್ಲ. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಅವಳೇ ತೆಳುಹಾಲನ್ನು ತಪೇಲಿಯಲ್ಲಿ ಕಾಯಿಸಿ, ಆರಿಸಿ ನನ್ನ ಮುಂದೆ ತಂದಿಟ್ಟಳು. ಮೇಲೆ ಜಿಡ್ಡಿನ ಹಳದಿ ಕಣ್ಣುಗಳು ತೇಲುತ್ತಿದ್ದವು. ‘ಮಾವಾ, ತುಪ್ಪ ತವರಿಗೆ ಹೋಗಿಲ್ಲ. ಕರುಗಳ ಹೊಟ್ಟೆಗೆ ಹೋಗಿದೆ’ ಅಂದಳು.

ಅವತ್ತಿನಿಂದ ನಾನು ಈ ಯಂತ್ರವನ್ನು ಕಲಿಯಲು ಕೂತೆ. ಕಲಿತದ್ದನ್ನು ಬರೆಯುತ್ತಿದ್ದೇನೆ. ಕೆನೆ ಯಂತ್ರ ಇಟ್ಟುಕೊಂಡವರು, ತರಬೇಕು ಅಂತಿರುವವರು ನಮ್ಮ ಮನೆಯ ಜಗಳ ತಮ್ಮ ಮನೆಗೆ ತಂದುಕೊಳ್ಳದಿರಲಿ ಅನ್ನುವುದೇ ಉದ್ದೇಶ.

ಯಂತ್ರ ಮಾಡುವುದೇನು?

ಹಾಲಿನಲ್ಲಿ ಜಿಡ್ಡು ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಂಡುಗಳಾಗಿ ಇರುತ್ತದೆ. ಉಳಿದ ಹಾಲಿಗಿಂತ ಅದು ಹಗುರ. ಹಾಲನ್ನು ಸುಮ್ಮನೆ ಇಟ್ಟರೂ ಕೆನೆ ಮೇಲೆ ಬರುವುದು ಇದೇ ಕಾರಣಕ್ಕೆ. ಆದರೆ ಅದಕ್ಕೆ ರಾತ್ರಿಯೆಲ್ಲ ಬೇಕು, ಆಮೇಲೂ ಬಹಳ ಜಿಡ್ಡು ಕೆಳಗೇ ಉಳಿಯುತ್ತದೆ. ಯಂತ್ರದ ಒಳಗಿನ ಬಟ್ಟಲು ಜೋರಾಗಿ ತಿರುಗಿದಾಗ ಭಾರದ ತೆಳುಹಾಲು ಹೊರಗಿನ ಅಂಚಿಗೆ ಹೋಗುತ್ತದೆ, ಹಗುರವಾದ ಜಿಡ್ಡು ನಡುವಿಗೆ ಸೇರುತ್ತದೆ. ಕವಣೆಯ ಕಲ್ಲು ಹೊರಗೆ ಎಳೆಯುತ್ತದಲ್ಲ, ಹಾಗೆ. ಎರಡೂ ಬೇರೆ ಬೇರೆ ಕೊಳವೆಯಿಂದ ಹೊರಗೆ ಬೀಳುತ್ತವೆ.

ಸ್ವೀಡನ್ ದೇಶದ ಗುಸ್ಟಾಫ್ ಡಿ ಲಾವಾಲ್ 1878ರಲ್ಲಿ ಇಂಥ ಯಂತ್ರ ಮಾಡಿದರು. ಬಟ್ಟಲಿನ ಒಳಗೆ ಒಂದರ ಮೇಲೊಂದು ತೆಳುವಾದ ತಟ್ಟೆ ಕೂರಿಸುವ ಉಪಾಯ ಬಂದದ್ದು ಅದಾದ ಹತ್ತು ಹನ್ನೆರಡು ವರ್ಷಕ್ಕೆ. ತಟ್ಟೆಗಳಿಂದ ಹಾಲು ತೆಳುವಾದ ಪದರ ಪದರವಾಗಿ ಹಂಚಿ ಹೋಗುತ್ತದೆ; ಜಿಡ್ಡಿನ ಗುಂಡು ಬಹಳ ದೂರ ಹೋಗಬೇಕಿಲ್ಲ, ಬೇಗ ಬೇರೆಯಾಗುತ್ತದೆ. ನಮ್ಮ ಮನೆಯ ಚಿಕ್ಕ ಯಂತ್ರದಲ್ಲೂ ಇರುವುದು ಇದೇ ವ್ಯವಸ್ಥೆ.

ನಾನು ಮಾಡಿದ ಮೂರು ತಪ್ಪು

ಮೊದಲನೆಯದು ತಣ್ಣನೆಯ ಹಾಲು. ಮೊದಲ ವರ್ಷ ಸಂಜೆ ಹಿಂಡಿದ ಕೂಡಲೇ ಬಿಸಿ ಆರುವ ಮೊದಲೇ ಹಾಲು ಯಂತ್ರಕ್ಕೆ ಹಾಕುತ್ತಿದ್ದೆವು. ಆ ಚಳಿಗಾಲ ಹಿಂಗಾರಿ ಕೆಲಸದಿಂದ ಸಂಜೆ ತಡವಾಗುತ್ತಿತ್ತು. ‘ಚಳಿ ಐತಿ, ಹಾಲು ಕೆಡೋದಿಲ್ಲ. ನೀರಿನಲ್ಲಿ ಇಡ್ರಿ, ಮುಂಜಾನೆ ತಿರುಗಿಸಿದರಾಯ್ತು’ ಅಂದವನು ನಾನೇ. ತಣ್ಣಗಾದ ಹಾಲು ದಪ್ಪವಾಗುತ್ತದೆ, ಜಿಡ್ಡು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ತಣ್ಣನೆಯ ಹಾಲು ಹಾಕಿದರೆ ಕೆನೆ ನೋಡಲು ಚೆನ್ನಾಗಿ ಗಟ್ಟಿಯಾಗಿ ಬರುತ್ತದೆ, ಆದರೆ ಬರುವುದು ಸ್ವಲ್ಪ. ಉಳಿದ ಜಿಡ್ಡು ತೆಳುಹಾಲಿನ ಜೊತೆ ಹೊರಟು ಹೋಗುತ್ತದೆ. ಗಟ್ಟಿ ಕೆನೆ ಕಂಡು ‘ಯಂತ್ರ ಸರಿಯಾಗೇ ಇದೆ’ ಅಂತ ನಾನು ನಂಬಿದೆ. ಸೊಸೆಯ ಮೇಲೆ ಅನುಮಾನ ಬಂದದ್ದೂ ಇದರಿಂದಲೇ.

ಎರಡನೆಯದು ಅಲುಗಾಡುವ ಹಲಗೆ. ರಾಶಿಯ ಚೀಲ ಇಡಲು ಜಾಗ ಬೇಕಾಯಿತು ಅಂತ ಯಂತ್ರವನ್ನು ಕಲ್ಲಿನ ಕಟ್ಟೆಯಿಂದ ತೆಗೆದು ಒಂದು ಹಲಗೆಯ ಮೇಲೆ ಇಟ್ಟೆ. ತಿರುಗಿಸುವಾಗ ಹಲಗೆ ನಡುಗುತ್ತಿತ್ತು. ಬಟ್ಟಲು ನಡುಗಿದರೆ ಬೇರೆಯಾದ ಕೆನೆ ಮತ್ತೆ ಹಾಲಿಗೆ ಬೆರೆಯುತ್ತದೆ.

ಮೂರನೆಯದು ಸ್ಕ್ರೂ. ತುಪ್ಪ ಇಳಿದ ಕೂಡಲೇ ನಾನು ಕೆನೆಯ ಸ್ಕ್ರೂ ಒಳಗೆ ತಿರುಗಿಸಿದೆ. ಕೆನೆ ಇನ್ನೂ ಗಟ್ಟಿಯಾದರೆ ತುಪ್ಪ ಹೆಚ್ಚಾದೀತು ಅಂತ ನನ್ನ ಲೆಕ್ಕ. ಕೆನೆ ಬೆಣ್ಣೆಯ ಹಾಗೆ ಬಂತು, ತುಪ್ಪ ಇನ್ನೂ ಇಳಿಯಿತು.

ಸ್ಕ್ರೂ ತುಪ್ಪ ಹೆಚ್ಚಿಸುವುದಿಲ್ಲ

ಇದನ್ನು ಎಲ್ಲರೂ ತಿಳಿಯಬೇಕು. ಹತ್ತು ಕಿಲೋ ಎಮ್ಮೆ ಹಾಲಿನಲ್ಲಿ ಫ್ಯಾಟ್ 7 ಇದ್ದರೆ ಒಟ್ಟು ಜಿಡ್ಡು 700 ಗ್ರಾಂ. ಕೆನೆಯಲ್ಲಿ ನೂರಕ್ಕೆ 35 ಜಿಡ್ಡು ಇರುವ ಹಾಗೆ ಸ್ಕ್ರೂ ಇಟ್ಟರೆ ಸುಮಾರು ಎರಡು ಕಿಲೋ ಕೆನೆ ಬರುತ್ತದೆ. ನೂರಕ್ಕೆ 50 ಬರುವ ಹಾಗೆ ಇಟ್ಟರೆ 1 ಕಿಲೋ 400 ಗ್ರಾಂ. ಎರಡರಲ್ಲೂ ಜಿಡ್ಡು ಅದೇ 700 ಗ್ರಾಂ. ಸ್ಕ್ರೂ ತೀರ್ಮಾನ ಮಾಡುವುದು ಕೆನೆ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ. ಒಳಗೆ ತಿರುಗಿಸಿದರೆ ಕೆನೆಯ ತೂತು ನಡುವಿಗೆ ಹತ್ತಿರವಾಗುತ್ತದೆ, ಕೆನೆ ಗಟ್ಟಿ. ಹೊರಗೆ ತಿರುಗಿಸಿದರೆ ತೆಳು. ಮಿತಿ ಮೀರಿ ಒಳಗೆ ತಿರುಗಿಸಿದರೆ ಕೆನೆಗೆ ಹೊರಬರಲು ದಾರಿ ಸಾಲದೆ ತೆಳುಹಾಲಿನ ಕಡೆಗೆ ಹೋಗುತ್ತದೆ.

ಕೆಲವು ಯಂತ್ರಗಳಲ್ಲಿ ಸ್ಕ್ರೂ ಇರುವುದು ತೆಳುಹಾಲಿನ ದಾರಿಗೆ. ಅದರ ಲೆಕ್ಕ ಉಲ್ಟಾ. ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಮುಟ್ಟುವ ಮೊದಲು ಸ್ಕ್ರೂ ಇದ್ದ ಜಾಗಕ್ಕೆ ಗುರುತು ಹಾಕಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಹಿಡಿತದಲ್ಲಿ ಇರಬೇಕಾದ್ದು ನಾಲ್ಕು

1. ಬಿಸಿ: ಹಾಲು 35ರಿಂದ 40 ಡಿಗ್ರಿ ಇರಬೇಕು. ಹಿಂಡಿದ ತಕ್ಷಣದ ಹಾಲು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ, ಆದ್ದರಿಂದ ಆಗಲೇ ಮಾಡುವುದು ಒಳ್ಳೆಯದು. ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಬೆರಳು ಅದ್ದಿ ನೋಡುವುದಕ್ಕಿಂತ ಥರ್ಮಾಮೀಟರ್ ಒಳ್ಳೆಯದು. ಚಳಿಗಾಲದಲ್ಲಿ ನಮ್ಮ ಬೆರಳೇ ತಣ್ಣಗಿರುತ್ತದೆ, ತಣ್ಣನೆಯ ಹಾಲೂ ಬೆಚ್ಚಗೆ ಕಾಣುತ್ತದೆ.

2. ವೇಗ: ನಮ್ಮ ಯಂತ್ರದ ಕೈಹಿಡಿ ನಿಮಿಷಕ್ಕೆ 60 ಸುತ್ತು ತಿರುಗಬೇಕು. ಗಡಿಯಾರದ ಒಂದು ಸೆಕೆಂಡಿಗೆ ಒಂದು ಸುತ್ತು. ನಿಮ್ಮ ಯಂತ್ರಕ್ಕೆ ಎಷ್ಟು ಅಂತ ಅದರ ಪುಸ್ತಕದಲ್ಲಿ ಇರುತ್ತದೆ. ಕೈಹಿಡಿ 60 ಸುತ್ತಿದರೆ ಒಳಗಿನ ಬಟ್ಟಲು ಸಾವಿರಗಟ್ಟಲೆ ಸುತ್ತುತ್ತದೆ. ವೇಗ ಸ್ವಲ್ಪ ಇಳಿದರೂ ಬಲ ಬಹಳ ಇಳಿಯುತ್ತದೆ. 60ರ ಜಾಗದಲ್ಲಿ 48 ಸುತ್ತಿದರೆ ವೇಗ ಐದರಲ್ಲಿ ಒಂದು ಪಾಲು ಕಡಿಮೆ. ಆದರೆ ಕೆನೆ ಬಿಡಿಸುವ ಬಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆ. ಕೆಲವು ಯಂತ್ರಗಳ ಕೈಹಿಡಿಯಲ್ಲಿ ಸಣ್ಣ ಗಂಟೆ ಇರುತ್ತದೆ. ವೇಗ ಸಾಲದಿದ್ದಾಗ ಬಾರಿಸುತ್ತದೆ, ವೇಗ ಬಂದಾಗ ಸುಮ್ಮನಾಗುತ್ತದೆ. ವೇಗ ಪೂರ್ತಿ ಬರುವ ತನಕ ಹಾಲಿನ ನಲ್ಲಿ ಬಿಡಲೇಬಾರದು. ಕರೆಂಟಿನ ಯಂತ್ರ ಇದ್ದವರು ವೋಲ್ಟೇಜ್ ಕಡಿಮೆ ಇರುವ ಹೊತ್ತಿನಲ್ಲಿ ನಡೆಸಬೇಡಿ.

3. ಹರಿವು: ಹಾಲು ಎಷ್ಟು ಬೇಗ ಒಳಗೆ ಹೋಗಬೇಕು ಅನ್ನುವುದನ್ನು ಮೇಲಿರುವ ತೇಲುವ ಬುರುಡೆ ನೋಡಿಕೊಳ್ಳುತ್ತದೆ. ಅದು ಜಿಡ್ಡು ಹಿಡಿದು ಸಿಕ್ಕಿಕೊಳ್ಳಬಾರದು. ಅವಸರಕ್ಕೆ ಅದನ್ನು ತೆಗೆದಿಟ್ಟು ಹಾಲು ಸುರಿಯಬಾರದು. ಗಂಟೆಗೆ 60 ಲೀಟರ್ ಅಂತ ಯಂತ್ರದ ಮೇಲಿದ್ದರೆ ಹತ್ತು ಲೀಟರಿಗೆ ಹತ್ತು ನಿಮಿಷ ಬೇಕು. ಆರೇ ನಿಮಿಷಕ್ಕೆ ಮುಗಿದರೆ ಕೆನೆ ತೆಳುವಾಗಿ ಬರುತ್ತದೆ, ತೆಳುಹಾಲಿನಲ್ಲಿ ಜಿಡ್ಡೂ ಹೋಗುತ್ತದೆ.

4. ನೆಲೆ: ಯಂತ್ರ ಗಟ್ಟಿ ಕಟ್ಟೆಯ ಮೇಲೆ ಸಮವಾಗಿ ಕೂತು ಬೋಲ್ಟ್ ಬಿಗಿ ಇರಬೇಕು. ನೀರುಮಟ್ಟ ಹಿಡಿದು ನೋಡಿ. ತಿರುಗುವಾಗ ಕೈಯಿಟ್ಟರೆ ನಡುಕ ಬರಬಾರದು. ನಡುಕ ಬಂದರೆ ತಟ್ಟೆಗಳ ಸಾಲು ತಪ್ಪಿದೆಯೇ, ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ನೋಡಿ.

ಶುರುವಿನಲ್ಲಿ, ಕೊನೆಯಲ್ಲಿ

ಹಾಲನ್ನು ಮೊದಲು ಬಟ್ಟೆಯಲ್ಲಿ ಸೋಸಿ. ಕಸ, ಕೂದಲು ತಟ್ಟೆಗಳ ನಡುವೆ ಸೇರಿದರೆ ದಾರಿ ಕಟ್ಟುತ್ತದೆ. ಹುಳಿ ತಿರುಗಿದ ಹಾಲು ಹಾಕಬೇಡಿ, ಒಳಗೇ ಒಡೆಯುತ್ತದೆ. ಈದ ಮೊದಲ ದಿನಗಳ ಗಿಣ್ಣದ ಹಾಲೂ ಬೇಡ.

ಶುರುವಿನಲ್ಲಿ ಒಂದು ಲೀಟರ್ ಬಿಸಿನೀರು ಬಿಟ್ಟು ಬಟ್ಟಲು ಬೆಚ್ಚಗೆ ಮಾಡಿಕೊಳ್ಳಿ. ಹಾಲು ಮುಗಿದ ಮೇಲೆ ವೇಗ ಇಳಿಸದೆ ಒಂದು ಲೀಟರ್ ಬೆಚ್ಚಗಿನ ತೆಳುಹಾಲು ಹಾಕಿ. ಬಟ್ಟಲಿನಲ್ಲಿ ಉಳಿದ ಕೆನೆಯನ್ನು ಅದು ತಳ್ಳಿಕೊಂಡು ಬರುತ್ತದೆ. ದಿನಾ ಈ ಕೊನೆಯ ಕೆನೆ ಬಿಟ್ಟರೂ ನಷ್ಟವೇ.

ಯಂತ್ರ ತಾನಾಗಿ ನಿಲ್ಲುವ ತನಕ ಮುಚ್ಚಳ ತೆಗೆಯಬೇಡಿ, ಕೈಯಿಂದ ತಡೆಯಬೇಡಿ. ಕೈ ಬಿಟ್ಟ ಮೇಲೂ ಬಟ್ಟಲು ಬಹಳ ಹೊತ್ತು ತಿರುಗುತ್ತದೆ. ಮಕ್ಕಳು ಹತ್ತಿರ ಬಾರದ ಹಾಗೆ ನೋಡಿ.

ಆ ಹೊತ್ತಿಗೇ ಬಿಚ್ಚಿ ತೊಳೆಯಬೇಕು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಸೋಡಾ ಹಾಕಿದ ಬಿಸಿನೀರು, ಕೊನೆಗೆ ಕುದಿಯುವ ನೀರು. ಮೊದಲೇ ಕುದಿಯುವ ನೀರು ಹಾಕಿದರೆ ಹಾಲು ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಕಾಸ್ಟಿಕ್ ಸೋಡಾ ಬೇಡ, ಅದು ಲೋಹವನ್ನು ತಿನ್ನುತ್ತದೆ. ತಟ್ಟೆಗಳಿಗೆ ನಂಬರ್ ಇದ್ದರೆ ಅದೇ ಸಾಲಿನಲ್ಲಿ ಜೋಡಿಸಿ. ಹಲ್ಲಿನ ಚಕ್ರಕ್ಕೆ ಹಾಕಬೇಕಾದ್ದು ಯಂತ್ರದ ಎಣ್ಣೆ. ಅಡಿಗೆ ಎಣ್ಣೆ ಹಾಕಿದರೆ ಅಂಟಾಗಿ ಯಂತ್ರ ಭಾರವಾಗುತ್ತದೆ, ಆಮೇಲೆ ವೇಗ ಎಲ್ಲಿಂದ ಬರಬೇಕು?

ಪರೀಕ್ಷೆ ಹೇಗೆ?

ಮನೆಯಲ್ಲಿ ಮಾಡುವುದು ನಮ್ಮ ಸೊಸೆ ಮಾಡಿದ್ದೇ. ತೆಳುಹಾಲು ಕಾಯಿಸಿ ಆರಿಸಿ ನೋಡಿ. ಜಿಡ್ಡಿನ ಕಣ್ಣು ತೇಲಿದರೆ ಏನೋ ತಪ್ಪಿದೆ. ಖಾತ್ರಿ ಬೇಕಾದರೆ ತೆಳುಹಾಲನ್ನು ಡೇರಿಗೆ ಒಯ್ದು ಫ್ಯಾಟ್ ನೋಡಿಸಿ. ನಾನು ನೋಡಿಸಿದಾಗ 0.8 ಬಂತು. ಚೆನ್ನಾಗಿ ನಡೆದ ಯಂತ್ರದಲ್ಲಿ 0.1ರ ಆಸುಪಾಸು ಇರಬೇಕು. ವ್ಯತ್ಯಾಸ 0.7. ಎಂಟೂವರೆ ಕಿಲೋ ತೆಳುಹಾಲಿಗೆ ದಿನಕ್ಕೆ ಸುಮಾರು 60 ಗ್ರಾಂ ಜಿಡ್ಡು, ವಾರಕ್ಕೆ 400 ಗ್ರಾಂ ಮೀರಿತು. ಕಳೆದುಹೋದ ತುಪ್ಪದ ಲೆಕ್ಕ ಅಲ್ಲಿಗೆ ಕೂಡಿತು.

ಯಂತ್ರವನ್ನು ಮತ್ತೆ ಕಲ್ಲುಕಟ್ಟೆಗೆ ಹಾಕಿದೆವು. ಸ್ಕ್ರೂ ಮೊದಲಿನ ಜಾಗಕ್ಕೆ ತಂದೆವು. ಎಷ್ಟೇ ಕೆಲಸ ಇರಲಿ, ಸಂಜೆ ಹಿಂಡಿದ ಹಾಲು ಸಂಜೆಯೇ ಯಂತ್ರಕ್ಕೆ. ಹದಿನೈದು ದಿನದಲ್ಲಿ ತುಪ್ಪ ಮೊದಲಿನ ಅಳತೆಗೆ ಬಂತು.

ತೆಳುಹಾಲಿನ ಬಗ್ಗೆ ಇನ್ನೊಂದು ಮಾತು. ಕೆನೆಯ ಜೊತೆ ಎ ಮತ್ತು ಡಿ ಜೀವಸತ್ವವೂ ಹೋಗುತ್ತದೆ, ಆದ್ದರಿಂದ ಎಳೆಗರುಗಳಿಗೆ ಬರೀ ತೆಳುಹಾಲು ಸಾಲದು. ಮಾರುವುದಾದರೆ ಕೆನೆ ತೆಗೆದ ಹಾಲು ಅಂತ ಹೇಳಿಯೇ ಮಾರಿ. ಇಡೀ ಹಾಲಿಗೆ ಬೆರೆಸಿ ಮಾರಿದರೆ ಅದು ಕಲಬೆರಕೆ, ಕಾನೂನಿಗೂ ತಪ್ಪು, ನಮ್ಮ ಹೆಸರಿಗೂ ಕೇಡು.

ತುಪ್ಪ ತಿರುಗಿ ಬರಲು ಹದಿನೈದು ದಿನ ಸಾಕಾಯಿತು. ಸೊಸೆಗೆ ಆಡಿದ ಮಾತು ಅಷ್ಟು ಬೇಗ ಮಾಸಲಿಲ್ಲ. ‘ತಪ್ಪು ನನ್ನದವ್ವಾ’ ಅಂತ ಎಲ್ಲರ ಎದುರಿಗೇ ಹೇಳಿದೆ. ಈಗ ಯಂತ್ರದ ಪಕ್ಕದ ಗೋಡೆಗೆ ಒಂದು ನೋಟುಬುಕ್ಕು ತೂಗಿದೆ. ದಿನದ ಹಾಲೆಷ್ಟು, ಬಿಸಿ ಎಷ್ಟು, ಕೆನೆ ಎಷ್ಟು ಅಂತ ಅವಳು ಬರೆಯುತ್ತಾಳೆ. ಸಂಶಯ ಬಂದರೆ ನಾನು ಮೊದಲು ಆ ಪುಸ್ತಕ ನೋಡುತ್ತೇನೆ, ಆಮೇಲೆ ತೆಳುಹಾಲು ಕಾಯಿಸುತ್ತೇನೆ. ಯಂತ್ರ ತಂದವರು ಒಂದು ನೋಟುಬುಕ್ಕೂ ತನ್ನಿ.