ಯೋಜನಾನುಮತಿಯ ಬಳಿಕ ಮತ್ತೊಂದು ಅನುಮತಿಯೇಕೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮನೆಯನ್ನು ವಿಸ್ತರಿಸುವವರು ಯೋಜನಾನುಮತಿ ಪಡೆದ ಮೇಲೂ ಕಟ್ಟಡ ನಿಯಮಗಳ ಒಪ್ಪಿಗೆಯನ್ನು ಪಡೆಯಬೇಕೇಕೆ?

ಉತ್ತರ: ಯೋಜನಾನುಮತಿಯು ಕಟ್ಟಡದ ಬಾಹ್ಯರೂಪವನ್ನೂ ನೆರೆಹೊರೆಯ ಹಿತವನ್ನೂ ಪರಿಶೀಲಿಸತಕ್ಕದ್ದು, 1666ರ ಮಹಾಗ್ನಿಯಲ್ಲಿ ದಗ್ಧವಾದ ಲಂಡನ್ನಿನಲ್ಲಿ ಮರುವರ್ಷವೇ ಇಟ್ಟಿಗೆ ಅಥವಾ ಕಲ್ಲಿನ ಗೋಡೆಯನ್ನು ಶಾಸನವು ಕಡ್ಡಾಯಗೊಳಿಸಿದಂದಿನಿಂದ ಕ್ರಮೇಣ ಬೆಳೆದು, ಇಂದು 1984ರ ಕಟ್ಟಡ ಕಾಯಿದೆಯ ಆಧಾರದ ಮೇಲೆ ನಿಂತಿರುವ ಕಟ್ಟಡ ನಿಯಮಗಳಾದರೋ, ಒಳಗೆ ವಾಸಿಸುವವರ ಪ್ರಾಣಕ್ಕೂ ಆರೋಗ್ಯಕ್ಕೂ ಸಂಬಂಧಿಸಿದವು. ಈ ನಿಯಮಗಳ ಒಪ್ಪಿಗೆಗೆ ಎರಡು ಮಾರ್ಗಗಳುಂಟು: ನಕ್ಷೆಗಳೆಲ್ಲವನ್ನೂ ಮುಂಚಿತವಾಗಿ ಸಲ್ಲಿಸಿ ಅಂಗೀಕಾರ ಪಡೆಯುವುದು ಒಂದು. ಕೇವಲ ಸೂಚನಾಪತ್ರವನ್ನಿತ್ತು ಕೆಲಸವನ್ನಾರಂಭಿಸುವುದು ಇನ್ನೊಂದು. ಎರಡನೆಯದು ಶೀಘ್ರವೇನೋ ಹೌದು. ಆದರೆ ನಡುವೆ ದೋಷ ಕಂಡುಬಂದಲ್ಲಿ ಕಟ್ಟಿದುದನ್ನೇ ಕೆಡವಬೇಕಾದೀತಾದುದರಿಂದ, ಮೊದಲನೆಯದೇ ಶ್ರೇಯಸ್ಕರವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಡಿಪಾಯದ ಕಂದಕಕ್ಕೆ ಕಾಂಕ್ರೀಟು ಸುರಿಯುವ ಮೊದಲೇ ಪರೀಕ್ಷಕರಿಗೆ ಅದನ್ನು ತೋರಿಸಿ, ಕಡೆಯಲ್ಲಿ ಮುಕ್ತಾಯದ ಪ್ರಮಾಣಪತ್ರವನ್ನು ತಪ್ಪದೆ ಪಡೆಯಿರಿ. ಮುಂದೆ ಮನೆಯನ್ನು ಮಾರುವಾಗ ಕೊಳ್ಳುವವರ ವಕೀಲರು ಅದನ್ನು ಕೇಳುವರು.