ಸುಟ್ಟ ಮೋಟಾರು: ರೀವೈಂಡಿಂಗ್ ನಿಜವಾಗ್ಲೂ ಅಗ್ಗಾನಾ?

ಪೀಣ್ಯದಲ್ಲಿರೋ ನಮ್ಮ ಮಾವನ ವರ್ಕ್‌ಶಾಪಿನಲ್ಲಿ ಬ್ಲೋವರ್ ಓಡಿಸೋ 10 ಎಚ್‌ಪಿ ಮೋಟಾರು ಕಳೆದ ತಿಂಗಳು ಮತ್ತೆ ಸುಟ್ಟುಹೋಯ್ತು. ಇದು ಮೂರನೇ ಸಲ. "ರೀವೈಂಡ್ ಮಾಡ್ಸಿದ್ರೆ ಆಯ್ತಲ್ಲ, ಹೊಸದು ಯಾಕೆ?" ಅಂದ್ರು ಮಾವ. ನಾನು ಬಿ.ಕಾಂ ಓದಿದವನು. ಮೋಟಾರು ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. ಕೂತು ಓದಿದೆ.

ಇಂಡಕ್ಷನ್ ಮೋಟಾರಿಗೆ ಹೋದ ವಿದ್ಯುತ್ತೆಲ್ಲ ಶಾಫ್ಟಿಗೆ ಬರಲ್ಲ. ಒಂದು ಪಾಲು ತಾಮ್ರದ ಸುರುಳಿ ಮತ್ತು ರೋಟರ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಕರೆಂಟು ಎರಡು ಪಟ್ಟಾದ್ರೆ ಈ ನಷ್ಟ ನಾಲ್ಕು ಪಟ್ಟಾಗುತ್ತೆ. ಇನ್ನೊಂದು ಪಾಲು ಉಕ್ಕಿನ ಕೋರ್‌ನಲ್ಲಿ. ಲೋಡ್ ಇಲ್ಲದಿದ್ರೂ ಸ್ವಿಚ್ ಹಾಕಿದ ಕೂಡಲೇ ಇದು ಶುರು. ಬೇರಿಂಗ್ ಮತ್ತು ಕೂಲಿಂಗ್ ಫ್ಯಾನಿಗೂ ಒಂದಿಷ್ಟು ಹೋಗುತ್ತೆ.

ಕೋರ್ ಅಂದ್ರೆ ಒಂದರ ಮೇಲೊಂದು ಜೋಡಿಸಿದ ತೆಳು ತಗಡುಗಳು. ಪ್ರತಿ ತಗಡಿಗೂ ಇನ್ಸುಲೇಷನ್ ಲೇಪ ಇರುತ್ತೆ. ಹಳೇ ಸುರುಳಿ ಕೀಳೋಕೆ ಅಳತೆ ಇಲ್ಲದೆ ಬೆಂಕಿ ಕೊಟ್ರೆ ಆ ಲೇಪ ಹಾಳಾಗಿ ಕೋರ್ ನಷ್ಟ ಹೆಚ್ಚುತ್ತೆ. ಮೊದಲಿಗಿಂತ ತೆಳು ತಂತಿ ಸುತ್ತಿದ್ರೆ ತಾಮ್ರದ ನಷ್ಟಾನೂ ಹೆಚ್ಚು. ಸರಿಯಾಗಿ ಮಾಡಿದ ರೀವೈಂಡಿಂಗ್‌ನಲ್ಲಿ ಈ ತೊಂದರೆ ಇಲ್ಲ. ಆದ್ರೆ ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ.

ಈಗ ಲೆಕ್ಕ. 10 ಎಚ್‌ಪಿ ಅಂದ್ರೆ ಸುಮಾರು 7.5 ಕಿಲೋವ್ಯಾಟ್. ನಾಲ್ಕು ಪೋಲಿನ ಹಳೇ ಐಇ1 ಮೋಟಾರಿನ ದಕ್ಷತೆ 86.0%, ಐಇ3ದ್ದು 90.4%. ಪೂರ್ತಿ ಲೋಡಿನಲ್ಲಿ ವರ್ಷಕ್ಕೆ 4,000 ಗಂಟೆ ಓಡಿದ್ರೆ ವ್ಯತ್ಯಾಸ ಸುಮಾರು 1,700 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಕೊಂಡ್ರೂ ಹತ್ತಿರ ಹತ್ತಿರ 12,000 ರೂಪಾಯಿ. ಹಳೇ ಮೋಟಾರಿನ ವರ್ಷದ ಕರೆಂಟ್ ಖರ್ಚೇ 2.44 ಲಕ್ಷ! ಮಾವ ರೀವೈಂಡಿಂಗ್ ಬಿಲ್ ಮಾತ್ರ ನೋಡ್ತಿದ್ರು.

ಒಂದು ಎಚ್ಚರಿಕೆ: ಹೊಸ ದಕ್ಷ ಮೋಟಾರು ಸಾಮಾನ್ಯವಾಗಿ ತುಸು ವೇಗವಾಗಿ ತಿರುಗುತ್ತೆ. ಬ್ಲೋವರ್ ಎಳೆಯೋ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರೋದ್ರಿಂದ, ಪುಲ್ಲಿ ಅಳತೆ ಸರಿಮಾಡದಿದ್ರೆ ಉಳಿತಾಯದಲ್ಲಿ ಒಂದಿಷ್ಟು ಅಲ್ಲೇ ಸೋರಿಹೋಗುತ್ತೆ. ಅದೇ ನಿಯಮ ನಮ್ಮ ಪರವಾಗಿಯೂ ಕೆಲಸ ಮಾಡುತ್ತೆ: ಗಾಳಿ ಕಡಿಮೆ ಸಾಕಾದಾಗ ವಿಎಫ್‌ಡಿ ಹಾಕಿ ವೇಗವನ್ನ 80%ಕ್ಕೆ ಇಳಿಸಿದ್ರೆ ಬೇಕಾಗೋ ಶಕ್ತಿ ಹೆಚ್ಚುಕಮ್ಮಿ ಅರ್ಧ.

ಹೊಸ ಮೋಟಾರು ತರೋ ಮೊದಲು ಎಲೆಕ್ಟ್ರಿಷಿಯನ್ ಕೈಲಿ ಮೂರೂ ಫೇಸ್ ಅಳೆಸಿದ್ವಿ. ಸ್ಟಾರ್ಟರ್‌ನ ಒಂದು ಟರ್ಮಿನಲ್ ಸಡಿಲವಾಗಿ ಕಪ್ಪಾಗಿತ್ತು. ವೋಲ್ಟೇಜಿನಲ್ಲಿ ಸಣ್ಣ ಏರುಪೇರಾದ್ರೂ ಕರೆಂಟಿನಲ್ಲಿ ಅದು ಹಲವು ಪಟ್ಟಾಗುತ್ತೆ, ಸುರುಳಿ ಕಾಯುತ್ತೆ. ಅದನ್ನ ಹಾಗೇ ಬಿಟ್ಟಿದ್ರೆ ಹೊಸದೂ ಸುಡ್ತಿತ್ತೇನೋ.

ಮಾವ ಆ ಟರ್ಮಿನಲ್‌ನ ಕೈಯಲ್ಲಿ ಹಿಡ್ಕೊಂಡು ಒಂದೇ ಮಾತು ಅಂದ್ರು: "ಮೂರು ರೀವೈಂಡಿಂಗ್ ದುಡ್ಡು ಇದಕ್ಕಾ?"