ನಮ್ಮ ಹಿನ್ನೀರಿನ ನಡುಗಡ್ಡೆಗೂ ಒಂದು ರಹಸ್ಯ ಬೇಕು

ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನ ರಹಸ್ಯ ಕಾದಂಬರಿಗಳು. ಅವುಗಳಲ್ಲಿ ಒಂದು ದ್ವೀಪ ಇದ್ದೇ ಇರುತ್ತಿತ್ತು. ಮಂಜು ಮುಸುಕಿದ ದಂಡೆ, ಯಾರೂ ವಾಸವಿಲ್ಲದ ದೊಡ್ಡ ಮನೆ, ಊರವರು ಪಿಸುಮಾತಿನಲ್ಲಿ ಹೇಳುವ ಹಳೆಯ ಶಾಪ, ನೂರು ವರ್ಷದ ಹಿಂದೆ ಕಾಣೆಯಾದ ಒಬ್ಬಳು ಹುಡುಗಿ. ಈಗಿನ ಕಾಲದ ಹದಿನೇಳರ ಹುಡುಗಿಯೊಬ್ಬಳು ಬಂದು, ಹಳೆಯ ಕಾಗದ ಹುಡುಕಿ, ಗಂಟು ಬಿಡಿಸುತ್ತಾಳೆ. ನಿದ್ದೆಗೆಟ್ಟು ಓದಿದ್ದೇವೆ. ಮಾರನೇ ದಿನ ಇಂಟರ್ನಲ್ಸ್ ಇದ್ದರೂ ಓದಿದ್ದೇವೆ.

ಇಂಥ ಬರಹವನ್ನು ಗಾಥಿಕ್ ಎನ್ನುತ್ತಾರೆ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷ್ ಲೇಖಕ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಈ ಬಗೆಯ ಮೊದಲ ಕಾದಂಬರಿ ಎಂದು ಲೆಕ್ಕ. 1939ರಲ್ಲಿ ಅಗಾಥಾ ಕ್ರಿಸ್ಟಿ ಹತ್ತು ಮಂದಿಯನ್ನು ಒಂದು ದ್ವೀಪಕ್ಕೆ ಕಳಿಸಿದ ಮೇಲಂತೂ ದ್ವೀಪ ಮತ್ತು ರಹಸ್ಯ ಬಿಡದ ಜೋಡಿಯಾಗಿಬಿಟ್ಟವು. ಆದರೆ ಇದಕ್ಕೆ ಕೋಟೆ, ದೀಪಸ್ತಂಭ ಇರಲೇಬೇಕೆಂದೇನೂ ಇಲ್ಲ. ಹಿಂದೆ ನಡೆದ ಯಾವುದೋ ಒಂದು ಇನ್ನೂ ಮುಗಿದಿಲ್ಲ ಅನ್ನಿಸಬೇಕು, ಅಷ್ಟೇ. ಹಾಗೆ ನೋಡಿದರೆ ನನ್ನೂರಿಗಿಂತ ಗಾಥಿಕ್ ಆದ ಜಾಗ ಯಾವುದಿದೆ?

ಬೆಟ್ಟದ ತುದಿಯೇ ದ್ವೀಪ

ನಾನು ನರಸಿಂಹರಾಜಪುರ ತಾಲ್ಲೂಕಿನವಳು. ನಮ್ಮ ಊರಿನ ಹೆಸರಿನಲ್ಲೇ ಒಂದು ಹೆಸರು ಮುಳುಗಿದೆ. ಮೊದಲು ಇದು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರನ್ನು ಇಟ್ಟದ್ದು 1915ರಲ್ಲಿ. ಆ ಕಾಲದಲ್ಲಿ ತರೀಕೆರೆಯಿಂದ ಇಲ್ಲಿಗೆ ಕಾಡಿನ ನಡುವೆ ಸಣ್ಣ ಹಳಿಯ ಟ್ರಾಮ್ ರೈಲು ಬರುತ್ತಿತ್ತು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ರೈಲು ಹಿಡಿಯಲು ತರೀಕೆರೆಗೋ ಶಿವಮೊಗ್ಗಕ್ಕೋ ಹೋಗುವವರು ನಾವು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೆ ಕಟ್ಟುವ ಕೆಲಸ ಶುರುವಾಯಿತು. 1965ರ ಹೊತ್ತಿಗೆ ಮುಗಿಯಿತು. ಡ್ಯಾಮ್ ತುಂಬಿತು ಎನ್ನಲು 186 ಅಡಿ ಎಂಬ ಅಂಕಿ ನಮ್ಮ ಕಡೆ ಮಗ್ಗಿಯಷ್ಟೇ ಬಾಯಿಪಾಠ. 71.5 ಟಿಎಂಸಿ ನೀರು. ದಾವಣಗೆರೆ ಕಡೆಯ ಗದ್ದೆಗಳ ಹಸಿರಿಗೆ ಅದೇ ಮೂಲ. ಆ ನೀರು ನಿಂತದ್ದು ಕಣಿವೆಯಲ್ಲಿ. ಕಣಿವೆಯಲ್ಲಿ ಗದ್ದೆ, ತೋಟ, ಮನೆ, ದೇವರ ಬನ ಎಲ್ಲ ಇದ್ದವು. ಗುಡ್ಡದ ನೆತ್ತಿಗಳು ಮಾತ್ರ ಮೇಲುಳಿದು ನಡುಗಡ್ಡೆಗಳಾದವು.

ಬೇಸಿಗೆಯಲ್ಲಿ ನೀರಿಳಿದಾಗ ಅಂಥ ಕೆಲವು ನಡುಗಡ್ಡೆಗಳ ಬರಿನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಬಂದು ಮೊಟ್ಟೆಯಿಡುತ್ತವೆ. ಮಳೆ ಹಿಡಿದು ನೀರೇರುವುದರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕೆ? ನೀರು ಇಳಿದಾಗಲೇ ಸುಳಿವು ಸಿಗಬೇಕು, ಮುಂಗಾರು ಬರುವುದರೊಳಗೆ ಗಂಟು ಬಿಡಿಸಬೇಕು. ತಡವಾದರೆ ಸಾಕ್ಷಿಯೆಲ್ಲ ಮತ್ತೆ ನೀರ ಕೆಳಗೆ.

ಕಳೆದ ಒಂದೂವರೆ ವರ್ಷದಿಂದ ನಾನು ಹೀಗೊಂದು ಕಾದಂಬರಿ ಬರೆಯುತ್ತಿದ್ದೇನೆ.

ಅಜ್ಜಿ ಬಿಟ್ಟುಬಂದ ಊರು

ನಮ್ಮ ಅಜ್ಜಿಯ ತವರು ಮುಳುಗಡೆಯಲ್ಲಿ ಹೋಯಿತು. ಆಗ ಅವಳಿಗೆ ಹತ್ತೋ ಹನ್ನೆರಡೋ ವರ್ಷ. ಗಾಡಿಯಲ್ಲಿ ಹೇರಿದ್ದು ಭತ್ತದ ಮೂಟೆ, ಹಂಡೆ, ಒನಕೆ, ಬಿಚ್ಚಿದ ಬಾಗಿಲು ಮತ್ತು ದಾರಂದ. ಚೌಡಿಯ ಕಲ್ಲನ್ನು ಕೀಳುವ ಧೈರ್ಯ ಯಾರಿಗೂ ಆಗಲಿಲ್ಲವಂತೆ. ಬನದ ಮಣ್ಣನ್ನು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಹೊಸ ಊರಿನ ಅಂಚಿನಲ್ಲಿ ಬೇರೆ ಕಲ್ಲು ನೆಟ್ಟರು. ‘ಹಾಗಾದ್ರೆ ಚೌಡಿ ಈಗ ಎಲ್ಲಿದ್ದಾಳೆ, ಅಲ್ಲೋ ಇಲ್ಲೋ?’ ಎಂದು ಕೇಳಿದರೆ ಅಜ್ಜಿ ಇವತ್ತಿಗೂ ನೇರ ಉತ್ತರ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸುವಾಗ ಮಾತ್ರ ಒಮ್ಮೆ ಹಿನ್ನೀರಿನ ಕಡೆ ತಿರುಗಿ ಕೈಮುಗಿಯುತ್ತಾಳೆ.

ಅವರ ಪಕ್ಕದ ಮನೆಯಲ್ಲಿ ಒಬ್ಬಳು ಒಂಟಿ ಮುದುಕಿ ಇದ್ದಳು. ಎಲ್ಲರೂ ಹೊರಟರೂ ಅವಳು ಹೊರಡಲಿಲ್ಲ. ನೀರು ಕೊಟ್ಟಿಗೆಗೆ ಬಂತು, ಅಂಗಳಕ್ಕೆ ಬಂತು ಎಂಬ ಸುದ್ದಿ ಬರುತ್ತಿತ್ತು. ಆಮೇಲೆ ಸುದ್ದಿ ನಿಂತಿತು. ದೂರದ ನೆಂಟರ ಮನೆ ಸೇರಿದಳು ಎಂದು ಕೆಲವರು. ಗುಡ್ಡದ ತುದಿ ಹತ್ತಿದಳು, ಅದೀಗ ನಡುಗಡ್ಡೆ, ಅಮಾವಾಸ್ಯೆಯ ರಾತ್ರಿ ಅಲ್ಲಿ ಕೊಳ್ಳಿ ಆಡುತ್ತದೆ ಎಂದು ಇನ್ನು ಕೆಲವರು. ನಾವು ಮಕ್ಕಳಾಗಿದ್ದಾಗ ಊಟ ಬೇಗ ಮುಗಿಸಲು ನಮ್ಮನ್ನು ಹೆದರಿಸುತ್ತಿದ್ದದ್ದು ಆ ಕೊಳ್ಳಿಯ ಹೆಸರು ಹೇಳಿಯೇ.

ನನ್ನ ಕಾದಂಬರಿಯ ಬೀಜ ಈ ಮುದುಕಿ.

ಕನ್ನಡದಲ್ಲಿ ಇಲ್ಲವೇ?

ಇದೆ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳನ್ನು ನಮ್ಮ ತಾತಂದಿರು ಬಾಡಿಗೆಗೆ ತಂದು ಓದಿದ್ದಾರೆ. ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ, ‘ಚಿದಂಬರ ರಹಸ್ಯ’ ಮತ್ತು ‘ಜುಗಾರಿ ಕ್ರಾಸ್’ ಬರೆದು ಮಲೆನಾಡಿನ ಏಲಕ್ಕಿ, ಕಾಡು, ಬಸ್‌ಸ್ಟ್ಯಾಂಡಿನಲ್ಲೇ ರಹಸ್ಯ ಇದೆ ಎಂದು ತೋರಿಸಿದರು. ಮೊದಲನೆಯದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’, ‘ಕರಿಸಿರಿಯಾನ’ದಂಥ ಕೃತಿಗಳಲ್ಲಿ ಇತಿಹಾಸವನ್ನೇ ಥ್ರಿಲ್ಲರ್ ಮಾಡಿದ್ದಾರೆ.

ಮುಳುಗಡೆಯ ವಿಷಯಕ್ಕೆ ಬಂದರೆ ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಜಾಗದಲ್ಲೇ ಸರ್ಕಾರಿ ಕೆಲಸದಲ್ಲಿದ್ದ ಅವರು, ನೀರೇರಿದಂತೆ ದ್ವೀಪವಾಗುವ ಗುಡ್ಡದ ಕುಟುಂಬದ ಕಥೆಯನ್ನು ‘ದ್ವೀಪ’ದಲ್ಲಿ ಬರೆದರು. 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಡಿಸೋಜ ಅವರಿಗೆ 2011ರ ಬಾಲ ಸಾಹಿತ್ಯ ಪುರಸ್ಕಾರ ತಂದುಕೊಟ್ಟ ಪುಸ್ತಕದ ಹೆಸರು ‘ಮುಳುಗಡೆಯ ಊರಿಗೆ ಬಂದವರು’. ಮುಳುಗಿದ ಊರಿನ ಕಥೆಯನ್ನು ಎಳೆಯರಿಗೂ ಹೇಳಬಹುದು ಎಂಬ ಧೈರ್ಯ ನನಗೆ ಬಂದದ್ದು ಅವರಿಂದ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ, ಶರಾವತಿ ಕಣಿವೆಗೆ ಸಿಕ್ಕಂಥ ಲೇಖಕ ಪ್ರತಿ ಕಣಿವೆಗೂ ಸಿಗಬೇಕಿತ್ತಲ್ಲ ಅನ್ನಿಸಿತು.

ಆದರೂ ಚಂದಮಾಮ ದಾಟಿದ, ದೊಡ್ಡ ಕಾದಂಬರಿಗಳಿಗೆ ಇನ್ನೂ ತಲುಪದ ಹದಿನೈದರಿಂದ ಇಪ್ಪತ್ತರ ವಯಸ್ಸಿನವರಿಗಾಗಿ ಕನ್ನಡದಲ್ಲಿ ಬರುವುದು ಕಡಿಮೆ. ನಾವು ಇಂಗ್ಲಿಷ್‌ಗೆ ಹಾರುವುದು ಆ ವಯಸ್ಸಿನಲ್ಲೇ.

ಸುಳಿವುಗಳು ಇಲ್ಲೇ ಇವೆ

ನಾನು ಸದ್ಯ ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿರುವವಳು. ಕಾದಂಬರಿಗೆಂದು ಹುಡುಕಿದ್ದು ಪರೀಕ್ಷೆಗೂ ಒದಗಿತು ಎಂದರೆ ನಗಬೇಡಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟ ಪೂರ್ತಿ ಅಂದಿನ ಕಡೂರು ಜಿಲ್ಲೆಯ ಶಾಸನಗಳದ್ದು, ಅಂದರೆ ಇಂದಿನ ಚಿಕ್ಕಮಗಳೂರು. ಪ್ರಕಟವಾದದ್ದು 1901ರಲ್ಲಿ. ಕೊಪ್ಪ, ಶೃಂಗೇರಿ ಎಂದು ತಾಲ್ಲೂಕುವಾರು ವಿಂಗಡಿಸಿದ ಕಲ್ಲಿನ ಮಾತುಗಳು ಅದರಲ್ಲಿವೆ. ಅಣೆಕಟ್ಟೆ ಬರುವುದಕ್ಕೆ ಅರ್ಧ ಶತಮಾನ ಮೊದಲಿನ ದಾಖಲೆ ಅದು. ಊರು ಹೋದರೂ ಊರಿನ ಮಾತು ಪುಸ್ತಕದಲ್ಲಿ ಕೂತಿರಬಹುದು ಎಂಬ ಯೋಚನೆಯೇ ರೋಮಾಂಚನ.

ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನೇ ನೋಡಿ. ಹದಿನಾಲ್ಕನೇ ಶತಮಾನದ ಗುಡಿ, ಹನ್ನೆರಡು ಕಂಬ, ಒಂದೊಂದಕ್ಕೆ ಒಂದೊಂದು ರಾಶಿ. ಸೂರ್ಯ ಆಯಾ ರಾಶಿಯಲ್ಲಿದ್ದಾಗ ಬೆಳಗಿನ ಬಿಸಿಲು ಆಯಾ ಕಂಬಕ್ಕೆ ಬೀಳುತ್ತದೆ ಎಂದು ಹೇಳುತ್ತಾರೆ. ಅದೇ ಶೃಂಗೇರಿಯ ಮಠದಲ್ಲಿ 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಿಗೆ ಒಂದು ಕಾಗದದ ಕಟ್ಟು ಸಿಕ್ಕಿತು. ಮರಾಠ ಸೇನೆಯ ಕಡೆಯವರು 1791ರಲ್ಲಿ ಮಠವನ್ನು ಲೂಟಿ ಮಾಡಿದ ನಂತರ ಟಿಪ್ಪು ಸುಲ್ತಾನ್ ಅಲ್ಲಿನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳೂ ಅದರಲ್ಲಿದ್ದವು. ನೂರ ಇಪ್ಪತ್ತೈದು ವರ್ಷ ಸುಮ್ಮನೆ ಕುಳಿತಿದ್ದ ಕಾಗದ! ಇಂಗ್ಲಿಷ್ ಕಾದಂಬರಿಯಲ್ಲಿ ಅಟ್ಟದ ಪೆಟ್ಟಿಗೆಯಿಂದ ಪತ್ರ ಹೊರಬಂದರೆ ನಾವು ಉಸಿರು ಬಿಗಿಹಿಡಿಯುತ್ತೇವೆ. ಅದು ನಮ್ಮ ಬಸ್ ರೂಟಿನಲ್ಲೇ ನಿಜವಾಗಿ ನಡೆದಿದೆ.

ಒಂದನ್ನು ಮಾತ್ರ ನಾನು ಬೇಕೆಂದೇ ಬಿಟ್ಟಿದ್ದೇನೆ: ನಿಧಿ. ರಹಸ್ಯ ಎಂದರೆ ಹೊನ್ನಿನ ಕೊಪ್ಪರಿಗೆ ಎಂದು ನಂಬಿದವರು ಮಲೆನಾಡಿನ ಎಷ್ಟೋ ಗುಡಿ, ಮಾಸ್ತಿಕಲ್ಲು, ವೀರಗಲ್ಲುಗಳ ಬುಡ ಅಗೆದುಹಾಕಿದ್ದಾರೆ. ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ನನ್ನ ಪುಸ್ತಕ ಓದಿ ಯಾರಾದರೂ ಹಾರೆ ಹಿಡಿದು ಹೊರಡುವುದು ನನಗೆ ಬೇಡ.

‘ಅವಳನ್ನ ಎಂತ ಮಾಡ್ತೀಯ?’

ಕಷ್ಟ ಇರುವುದು ಬೇರೆ ಕಡೆ. ಮನೆಯಲ್ಲಿ ‘ಎಂತ ಬರೀತೀಯ ಮಾರಾಯ್ತಿ, ಎಕ್ಸಾಮಿಗೆ ಓದು’ ಎನ್ನುವುದು ದಿನದ ಮಾತು. ಅದಕ್ಕೆ ಉತ್ತರವಿದೆ: ಬೆಳಿಗ್ಗೆ ಐದರಿಂದ ಆರು ಕಾದಂಬರಿಗೆ, ಉಳಿದದ್ದು ಪರೀಕ್ಷೆಗೆ. ಆದರೆ ಅಜ್ಜಿ ಕೇಳಿದ್ದಕ್ಕೆ ಅಷ್ಟು ಸುಲಭದ ಉತ್ತರವಿರಲಿಲ್ಲ. ಆ ಮುದುಕಿಯ ಬಗ್ಗೆ ಬರೆಯುತ್ತೇನೆ ಎಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳನ್ನ ಎಂತ ಮಾಡ್ತೀಯ ಮಗಾ, ದೆವ್ವ ಮಾಡ್ತೀಯಾ ಮನುಷ್ಯಳನ್ನ ಮಾಡ್ತೀಯಾ?’ ಎಂದಳು. ಆಮೇಲೆ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರದ ವಿಷಯ ಹೇಳಿದಳು. ಆ ಮುದುಕಿ ಇವಳಿಗೆ ಹೂ ಕಟ್ಟುವುದನ್ನು ಕಲಿಸಿದ್ದಳು. ಜಡಿಮಳೆಯಲ್ಲಿ ಇವರ ಮನೆಯ ಒಲೆ ಆರಿದರೆ ಕೆಂಡ ಕೊಡುತ್ತಿದ್ದವಳು ಅವಳೇ.

ಓದುಗರು ಹೆದರಲು ಬರುತ್ತಾರೆ ನಿಜ. ಆದರೆ ದೂರದ ದ್ವೀಪದ ದೆವ್ವಕ್ಕೆ ಯಾರೂ ನೆಂಟರಿಲ್ಲ. ನಮ್ಮ ನಡುಗಡ್ಡೆಯ ಕೊಳ್ಳಿಗೆ ಬಳಗ ಇದೆ. ಅವಳು ಕೆಂಡ ಕೊಟ್ಟ ಮನೆಯ ಹುಡುಗಿ ಇನ್ನೂ ಬದುಕಿದ್ದಾಳೆ. ನೀರಿಗೆ ಊರು ಕೊಟ್ಟವರನ್ನೇ ಮತ್ತೆ ಮನರಂಜನೆಗೆ ಭೂತ ಮಾಡುವುದು ಎರಡನೇ ಸಲ ಮುಳುಗಿಸಿದಂತೆ. ಹಾಗೆಂದು ಜಾನಪದವನ್ನು ಬಿಡಲೂ ಆಗದು. ಹೋದವಳು ಎಲ್ಲಿಗೆ ಹೋದಳೆಂದು ತಿಳಿಯದ ಜನ, ಅವಳನ್ನು ಮರೆಯದಿರಲು ಕಂಡುಕೊಂಡ ದಾರಿ ಆ ಕೊಳ್ಳಿಯ ಕಥೆ.

ಹೀಗಾಗಿ ನನ್ನ ಕಾದಂಬರಿಯಲ್ಲಿ ಕೊಳ್ಳಿ ಇದೆ, ಚೌಡಿ ಇದ್ದಾಳೆ, ಮಂಜೂ ಇದೆ. ಆದರೆ ಅದರ ಹುಡುಗಿ ಹುಡುಕುವುದು ನಿಧಿಯನ್ನಲ್ಲ, ಒಂದು ಹೆಸರನ್ನು. ಎಲ್ಲರೂ ‘ಮುದುಕಿ’ ಎನ್ನುವ ಹೆಂಗಸಿನ ನಿಜವಾದ ಹೆಸರು ಯಾವ ಪಹಣಿಯಲ್ಲಿದೆ, ಯಾವ ಪರಿಹಾರದ ಪಟ್ಟಿಯಲ್ಲಿದೆ, ಯಾವ ಹೆಬ್ಬೆಟ್ಟಿನ ಪಕ್ಕದಲ್ಲಿದೆ? ಅದೂ ರಹಸ್ಯವೇ. ಅಜ್ಜಿಗೂ ಆ ಹೆಸರು ಗೊತ್ತಿಲ್ಲ. ಅವಳು ಕರೆಯುತ್ತಿದ್ದದ್ದು ‘ದೊಡ್ಡಮ್ಮ’ ಎಂದಷ್ಟೇ.

ಮುಂದಿನ ಮಳೆಯೊಳಗೆ

ಕುವೆಂಪು ಹುಟ್ಟಿದ್ದು 1904ರಲ್ಲಿ ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ನಮ್ಮ ಕಾಡು ಮಳೆಗಳಲ್ಲಿ ದೊಡ್ಡ ಕಥೆ ಇದೆ ಎಂದು ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ. ಆದರೆ ಕಥೆ ಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಲಿಂಗನಮಕ್ಕಿಯ ನೀರಿನಡಿ 1964ರಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೆ, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಅಜ್ಜಿಯರ ನೆನಪು ಹಾಗೆ ಮತ್ತೆ ಮತ್ತೆ ಮೇಲೇಳುವುದಿಲ್ಲ.

ನೀವು ಕಾದಂಬರಿ ಬರೆಯಬೇಕೆಂದೇನಿಲ್ಲ. ರಜೆಗೆ ಊರಿಗೆ ಹೋದಾಗ ಮೊಬೈಲಿನ ರೆಕಾರ್ಡರ್ ಒತ್ತಿ ಎದುರಿಗಿಡಿ. ‘ಕಥೆ ಹೇಳು’ ಎನ್ನಬೇಡಿ, ಸಿಗುವುದಿಲ್ಲ. ಯಾವ ಗದ್ದೆಗೆ ಏನು ಹೆಸರಿತ್ತು, ಪಕ್ಕದ ಮನೆಯಲ್ಲಿ ಯಾರಿದ್ದರು, ಕಾಯಿ ಒಡೆಯುತ್ತಿದ್ದದ್ದು ಯಾವ ಕಲ್ಲಿಗೆ ಎಂದು ಕೇಳಿ. ನಡುಗಡ್ಡೆಗಳಿಗೆ ಮಾತ್ರ ಸುಮ್ಮನೆ ದೋಣಿ ಹತ್ತಿ ಹೋಗಬೇಡಿ. ಹಿನ್ನೀರಿಗೆ ತಾಗಿಕೊಂಡೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಅದೂ ಅಲ್ಲದೆ ಬೇಸಿಗೆಯಲ್ಲಿ ಅಲ್ಲಿ ಮೊಟ್ಟೆಗಳಿರುತ್ತವೆ.

ನನ್ನ ಹಸ್ತಪ್ರತಿ ಈಗ ಹನ್ನೊಂದನೇ ಅಧ್ಯಾಯದಲ್ಲಿದೆ. ಕಥೆಯೊಳಗೆ ಮೇ ತಿಂಗಳ ಕೊನೆ, ಮೋಡ ಕಟ್ಟಿದೆ, ಹುಡುಗಿಗೆ ಇನ್ನೂ ಹೆಸರು ಸಿಕ್ಕಿಲ್ಲ.